ಸದ್ದು ನನ್ನದು

ಪತ್ರಿಕೆಗಳು ಇನಾಗಾಕಿಯನ್ನು ಮೊದಲ ಸಲ 'ಗಾಜಿನ ತೋಳು' ಎಂದು ಕರೆದಾಗ ಅವನಿಗೆ ಇಪ್ಪತ್ತೆರಡು ವರ್ಷ. ಗಾಜಂತೆ! ಹಗಲೆಲ್ಲ ಸುತ್ತಿಗೆಯಿಂದ ಬಡಿದರೆ ಕಬ್ಬಿಣವೂ ಬಿರುಕು ಬಿಡುತ್ತದೆ. ಆಗ ಕಬ್ಬಿಣವನ್ನು ಬೈಯುವವರುಂಟೇ? ಸುತ್ತಿಗೆ ಹಿಡಿದವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬಂದಿದ್ದರೆ ಆ ಪಟ್ಟಿಯಲ್ಲಿ ನನ್ನ ಹೆಸರೂ ಇರಬೇಕಿತ್ತು.

ನಾನು ತೊರಿಗೊಎ, ಬೇಸ್‌ಬಾಲ್ ತಂಡದ ಅಭ್ಯಾಸದ ಕ್ಯಾಚರ್; ಪಿಚರ್ ಎಸೆದ ಚೆಂಡನ್ನು ಹಿಡಿಯುವವನು. ಪಂದ್ಯದ ದಿನ ನನ್ನನ್ನು ಯಾರೂ ನೋಡುವುದಿಲ್ಲ. ಪಿಚರ್‌ಗಳು ತೋಳು ಕಾಯಿಸಿಕೊಳ್ಳುವ ತಗಡಿನ ಶೆಡ್ಡಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ದಿನಕ್ಕೆ ನಾನೂರು ಚೆಂಡು ಹಿಡಿಯುವುದು ನನ್ನ ಕೆಲಸ. ಹಿಡಿಯುವುದನ್ನು ಯಾರು ಬೇಕಾದರೂ ಕಲಿತಾರು. ನಮಗೆ ಅನ್ನ ಹಾಕುವುದು ಸದ್ದು. ಚೆಂಡು ತೋರುಬೆರಳಿನ ಬುಡಕ್ಕೆ ಬಡಿಯುವ ಹಾಗೆ ಗ್ಲೌಸನ್ನು ಅರೆಕ್ಷಣ ಮೊದಲೇ ಮುಂದಕ್ಕೆ ಒಡ್ಡಿದರೆ 'ಛಟೀರ್' ಅನ್ನುತ್ತದೆ, ತಗಡಿನ ಚಾವಣಿ ನಡುಗುತ್ತದೆ. ಅದೇ ಚೆಂಡನ್ನು ಅಂಗೈ ಗುಳಿಯಲ್ಲಿ ಹಿಡಿದರೆ ಒದ್ದೆ ಬಟ್ಟೆ ಒಗೆದ ಹಾಗೆ 'ಧಪ್'. ಛಟೀರ್ ಅಂದರೆ ಪಿಚರ್‌ನ ಎದೆ ಉಬ್ಬುತ್ತದೆ. ಹೀಗೆ ಉಬ್ಬಿಸಿ ಉಬ್ಬಿಸಿ ನನ್ನ ಎಡಗೈ ತೋರುಬೆರಳು ಹೆಬ್ಬೆರಳಿನಷ್ಟು ದಪ್ಪವಾಗಿದೆ.

ನಮ್ಮ ತಂಡದ ಯಜಮಾನರು ಒಕುದಾಯಿರಾ. ಫೆಬ್ರವರಿಯ ತರಬೇತಿ ಶಿಬಿರದಲ್ಲಿ ಶೆಡ್ಡಿಗೆ ಬಂದು, ಮಡಚುಕುರ್ಚಿ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೂರುತ್ತಾರೆ. ಚೆಂಡು ನೋಡುವುದಿಲ್ಲ, ಕೇಳುತ್ತಾರೆ. "ಕಣ್ಣು ಮೋಸ ಮಾಡುತ್ತೆ, ಕಿವಿ ಮಾಡಲ್ಲ" ಎಂಬುದು ಅವರ ಮಾತು. ವೇಗ ಅಳೆಯುವ ಯಂತ್ರ ಅವರಿಗೆ ಮಕ್ಕಳ ಆಟಿಕೆ. ಪತ್ರಿಕೆಯವರು ಈ ಮಾತನ್ನು ಚೌಕಟ್ಟು ಕಟ್ಟಿ ಅಚ್ಚು ಹಾಕುತ್ತಾರೆ. ನಾವು ಕ್ಯಾಚರ್‌ಗಳು ಅದನ್ನು ಓದಿ ಒಳಗೊಳಗೇ ನಗುತ್ತೇವೆ, ಎದುರಿಗೆ ಬಂದರೆ ಸೊಂಟ ಬಗ್ಗಿಸುತ್ತೇವೆ. ನಾಚಿಕೆಗೆಟ್ಟವರು ನಾವು.

ಏಳು ವರ್ಷದ ಹಿಂದೆ ಇದೇ ಶೆಡ್ಡಿನಲ್ಲಿ ಇನಾಗಾಕಿ ಹದಿನೆಂಟನೇ ಅಂಗಿ ತೊಟ್ಟು ನಿಂತಿದ್ದ. ಹದಿನೆಂಟು ತಂಡದ ಮೊದಲ ಪಿಚರ್‌ನ ಸಂಖ್ಯೆ. ಅದಕ್ಕೂ ಮೊದಲು, ಶಾಲೆಯಲ್ಲಿದ್ದಾಗ, ಬೇಸಿಗೆಯ ಪಂದ್ಯಾವಳಿಯಲ್ಲಿ ನಾಲ್ಕು ದಿನ ಸತತವಾಗಿ ಎಸೆದು, ಊಟದ ಕಡ್ಡಿ ಹಿಡಿಯಲೂ ಆಗದೆ ಅಮ್ಮನ ಕೈಯಿಂದ ಅನ್ನ ತಿಂದವನು ಅವನು. ಅದನ್ನು ಟೀವಿಯಲ್ಲಿ ನೋಡಿ ದೇಶವೇ ಕಣ್ಣೀರಿಟ್ಟಿತ್ತು, 'ಎಂಥಾ ಛಲ' ಅಂದಿತ್ತು. ಹುಡುಗನ ತೋಳು ಸಾಯುತ್ತಿದೆ ಎಂದು ಒಬ್ಬರೂ ಹೇಳಲಿಲ್ಲ.

ಆ ದಿನ ಇನ್ನೂರು ಚೆಂಡು ಎಸೆಯಬೇಕೆಂದು ಪಿಚಿಂಗ್ ತರಬೇತುದಾರ ಮುನಾಕಾತಾನ ಆಜ್ಞೆ. ನೂರ ನಲವತ್ತು ದಾಟಿದ ಮೇಲೆ ಚೆಂಡಿನ ಜೀವ ಹೋಗಿತ್ತು. ಅದು ಕಣ್ಣಿಗೆ ಕಾಣುವುದಿಲ್ಲ, ಅಂಗೈಗೆ ತಿಳಿಯುತ್ತದೆ. ನನಗೆ ತಿಳಿಯಿತು. ಆದರೂ ಛಟೀರ್ ಅನ್ನಿಸಿದೆ. ಕೆಲಸ ನೋಡಿ!

"ಸದ್ದು ಕೇಳ್ರೋ! ಇವನಿಗೆ ಇನ್ನೂ ಐವತ್ತು ಸೇರಿಸ್ರೋ!" ಎಂದು ಮುನಾಕಾತಾ ಕುಣಿದ.

ನೂರ ಎಂಬತ್ತೊಂದನೆಯದಕ್ಕೆ ಇನಾಗಾಕಿ ಮೊಣಕೈ ಹಿಡಿದು ಕುಸಿದ. ಎಡ ಮಣಿಕಟ್ಟಿನ ಸ್ನಾಯುರಜ್ಜು ತೆಗೆದು ಬಲ ಮೊಣಕೈಗೆ ಹೊಲಿದರು. ವರ್ಷ ಕಳೆದು ವಾಪಸ್ಸು ಬಂದ, ಭುಜ ಹೋಯಿತು. ಮತ್ತೆ ಬಂದ, ಪಕ್ಕೆ ಹೋಯಿತು. ಮತ್ತೆ ಭುಜ. ಪ್ರತಿ ಸಲವೂ ಪತ್ರಿಕೆಯಲ್ಲಿ ಅದೇ ಗಾಜು. ಕೊನೆಗೆ ಹದಿನೆಂಟನ್ನು ಬಿಚ್ಚಿಸಿ ನೂರಾ ಹದಿನೆಂಟು ತೊಡಿಸಿದರು. ಮೂರಂಕಿಯ ಅಂಗಿಯವರು ಅಭ್ಯಾಸ ಮಾಡಬಹುದು, ದೊಡ್ಡ ಪಂದ್ಯಕ್ಕೆ ಇಳಿಯುವ ಹಾಗಿಲ್ಲ.

ಈ ಫೆಬ್ರವರಿಯಲ್ಲಿ ಅವನಿಗೆ ಇಪ್ಪತ್ತೊಂಬತ್ತು. ಒಂದು ಸಂಜೆ ಶಿಬಿರದ ಸ್ನಾನದ ಮನೆಯಲ್ಲಿ ನನ್ನ ಪಕ್ಕದ ಮಣೆಯ ಮೇಲೆ ಬಂದು ಕೂತ.

"ತೊರಿಗೊಎ-ಸಾನ್, ನಾಳೆ ಯಜಮಾನ್ರು ನನ್ನ ಕೇಳೋಕೆ ಬರ್ತಾರಂತೆ. ಒಪ್ಪಿದ್ರೆ ಎರಡಂಕಿ ಅಂಗಿ."

"ಭುಜ ಹೇಗಿದೆ?"

"ಭುಜಾನಾ? ಎರಡೂ ಇವೆ, ಎಣಿಸ್ಕೊಳ್ಳಿ."

ತಲೆಗೆ ನೀರು ಸುರಿದುಕೊಳ್ಳಲು ಬಲಗೈಯಲ್ಲಿ ತಂಬಿಗೆ ಎತ್ತಿದ. ಅದು ಕಿವಿಯ ಮಟ್ಟ ದಾಟಲಿಲ್ಲ. ನನ್ನತ್ತ ಓರೆಗಣ್ಣಿನಿಂದ ನೋಡಿ ಎಡಗೈಗೆ ಬದಲಿಸಿಕೊಂಡ.

"ಲೋ, ತಂಬಿಗೆ ಎತ್ತೋಕೆ ಆಗ್ತಿಲ್ವಲ್ಲೋ ನಿಂಗೆ!"

"ತಂಬಿಗೆ ಎಸೆಯೋಕೆ ಯಾರೂ ನಂಗೆ ಸಂಬಳ ಕೊಡಲ್ಲ ಬಿಡಿ."

"ತಮಾಷೆ ಸಾಕು. ಡಾಕ್ಟರ ಹತ್ರ ಹೋಗು."

"ಹೋದ್ರೆ ಈ ನೂರಾ ಹದಿನೆಂಟೂ ಹೋಗುತ್ತೆ. ಎಸೆಯೋದು ಬಿಟ್ರೆ ನಂಗೇನೂ ಬರಲ್ಲ." ದನಿ ತಗ್ಗಿಸಿದ. "ನಾಳೆ ಒಂದಿನ ಉಪ್ಪು ಖಾರ ಸ್ವಲ್ಪ ಜಾಸ್ತಿ ಹಾಕಿ, ಅಣ್ಣಾ. ಸದ್ದು ಚೆನ್ನಾಗಿ ಬರ್ಲಿ."

ಉಪ್ಪು ಖಾರ! ಅಡುಗೆ ತನ್ನದು, ನಾನು ಮೇಲಿಂದ ಚಿಟಿಕೆ ಉದುರಿಸುವವನು ಎಂದೇ ಪಾಪ ಅವನು ನಂಬಿದ್ದ. ನಾನು ಹೂಂ ಅಂದೆ.

ಬೆಳಿಗ್ಗೆ ತಂತಿಬೇಲಿಯ ಆಚೆ ಜನ ನೆರೆದಿದ್ದರು. ಯಜಮಾನರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಮೊದಲ ಚೆಂಡಿಗೇ ನನ್ನ ಕೈ ತನ್ನ ಚಟ ತೋರಿಸಿತು, ಛಟೀರ್. ಯಜಮಾನರು ತಲೆದೂಗಿದರು. ಹತ್ತು ಚೆಂಡು, ಇಪ್ಪತ್ತು ಚೆಂಡು. ಪ್ರತಿ ಎಸೆತಕ್ಕೂ ಇನಾಗಾಕಿಯ ಎಡಗಣ್ಣು ಚಿವುಟಿದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಚೆಂಡು ಹೆಣದ ಹಾಗೆ ಬರುತ್ತಿತ್ತು. ನಾನು ಅದಕ್ಕೆ ಜೀವ ಬಂದ ಹಾಗೆ ಕೂಗಿಸುತ್ತಿದ್ದೆ.

"ಹದಿನೆಂಟು ವಾಪಸ್ ಬಂತ್ರೋ! ಸದ್ದು ಕೇಳ್ರೋ! ಇನ್ನೂ ನೂರು ಎಸೀಲಿ!" ಎಂದ ಮುನಾಕಾತಾ.

ಅದೇ ದನಿ, ಅದೇ ಮಾತು. ಏಳು ವರ್ಷದಲ್ಲಿ ಅವನು ಒಂದಕ್ಷರ ಕಲಿತಿರಲಿಲ್ಲ. ನಾನು ತಾನೇ ಏನು ಕಲಿತಿದ್ದೆ?

ಮುಂದಿನ ಚೆಂಡನ್ನು ಅಂಗೈ ಗುಳಿಯಲ್ಲಿ ಹಿಡಿದೆ. ಧಪ್.

ಇನಾಗಾಕಿ ನನ್ನನ್ನೇ ನೋಡಿದ. ಮತ್ತೊಂದು ಎಸೆದ. ಧಪ್.

"ಏನಯ್ಯಾ ತೊರಿಗೊಎ, ಕೈ ನಿದ್ದೆ ಹೋಯ್ತಾ?" ಎಂದು ಮುನಾಕಾತಾ ಗದರಿದ.

ಯಜಮಾನರು ಕಣ್ಣು ತೆರೆದರು. "ಇನಾಗಾಕಿ, ಸದ್ದು ಸತ್ತಿದೆ."

ಇನಾಗಾಕಿ ಟೋಪಿ ತೆಗೆದು ನಡು ಬಗ್ಗಿಸಿದ. "ತಪ್ಪಾಯ್ತು. ಮತ್ತೆ ಎಸೀತೀನಿ."

ತಪ್ಪಾಯ್ತಂತೆ! ಮೊಣಕೈ ಕೊಟ್ಟವನು, ಭುಜ ಕೊಟ್ಟವನು, ಪಕ್ಕೆ ಕೊಟ್ಟವನು ಕ್ಷಮೆ ಕೇಳುತ್ತಿದ್ದಾನೆ. ಕುರ್ಚಿಯಲ್ಲಿ ಕೂತವರು ಕ್ಷಮಿಸಲೋ ಬೇಡವೋ ಎಂದು ಯೋಚಿಸುತ್ತಿದ್ದಾರೆ. ಮುಖವಾಡ ಕಿತ್ತು ಎದ್ದೆ.

"ಯಜಮಾನ್ರೇ, ಸದ್ದು ಅವನದಲ್ಲ, ನಂದು."

"ಏನಂದೆ?"

"ಇಷ್ಟು ವರ್ಷ ನೀವು ಕೇಳಿದ್ದೆಲ್ಲಾ ನನ್ನ ಕೈ. ಅವನ ತೋಳು ಏನು ಹೇಳ್ತಿದೆ ಅಂತ ನೀವು ಕೇಳೇ ಇಲ್ಲ."

ಮುನಾಕಾತಾ ನುಗ್ಗಿ ಬಂದ. "ಹುಚ್ಚು ಹಿಡೀತಾ ನಿಂಗೆ? ಬಾಯ್ಮುಚ್ಚು!"

"ಮುನಾಕಾತಾ-ಸಾನ್, ನೀವೇ ಒಂದು ಎಸೀರಿ. ನಿಮ್ಮ ವಯಸ್ಸು ಐವತ್ತೆಂಟು, ಹೊಟ್ಟೆ ಆರು ತಿಂಗಳು. ಮೆಲ್ಲಗೆ ಎಸೀರಿ ಸಾಕು. ಯಜಮಾನ್ರು ಕಣ್ಣು ಮುಚ್ಕೊಳ್ಲಿ."

ಯಜಮಾನರು ಮುನಾಕಾತಾನತ್ತ ತಿರುಗಿ, "ಎಸಿ" ಎಂದು ಕಣ್ಣು ಮುಚ್ಚಿದರು. ಮುನಾಕಾತಾ ಹಲ್ಲು ಕಚ್ಚಿಕೊಂಡು, ನಾಯಿಗೆ ರೊಟ್ಟಿ ಎಸೆದ ಹಾಗೆ ಚೆಂಡು ಎಸೆದ. ನಾನು ಗ್ಲೌಸ್ ಒಡ್ಡಿದೆ.

ಛಟೀರ್!

ಬೇಲಿಯ ಆಚೆ, ಎಸೆದವರು ಕಾಣದ ಮೂಲೆಯಲ್ಲಿದ್ದ ಜನ ಚಪ್ಪಾಳೆ ತಟ್ಟಿದರು. "ಇನಾಗಾಕಿ ಬಂದ!" ಎಂದು ಒಬ್ಬ ಕೂಗಿದ.

ಯಜಮಾನರು ಕಣ್ಣು ತೆರೆದು, ಚೆಂಡು ಎಸೆದ ಹೊಟ್ಟೆಯನ್ನು ನೋಡಿದರು. ಎದ್ದು ಹೊರಟುಹೋದರು. ಇನಾಗಾಕಿ ನನ್ನ ಹತ್ತಿರ ಬಂದ.

"ಆವತ್ತೂ? ಮೊಣಕೈ ಹೋದ ದಿನಾನೂ?"

"ಆವತ್ತೂ."

ಅವನು ಗ್ಲೌಸನ್ನು ನನ್ನ ಎದೆಗೆ ಎಸೆದು ಹೋದ. ಎಡಗೈಯಲ್ಲಿ ಎಸೆದ.

ಸಂಜೆಗೆ ಆಸ್ಪತ್ರೆಯಿಂದ ಇನಾಗಾಕಿಯ ಭುಜದ ಸ್ಕ್ಯಾನ್ ಬಂತು. ಭುಜದೊಳಗಿನ ಸ್ನಾಯು ಅರ್ಧ ಹರಿದಿತ್ತು. ಆ ನೂರು ಎಸೆದಿದ್ದರೆ ಪೂರ್ತಿ ಹರಿಯುತ್ತಿತ್ತು, ಆಮೇಲೆ ಚೆಂಡೇನು, ತಂಬಿಗೆಯೂ ಇಲ್ಲ ಎಂದರಂತೆ ಡಾಕ್ಟರು. ಕೊಯ್ಯುವುದು ಬೇಡ, ಎಂಟು ತಿಂಗಳು ವಿಶ್ರಾಂತಿ. ಮರುದಿನದ ಪತ್ರಿಕೆ: 'ಗಾಜು ಮತ್ತೆ ಒಡೆಯಿತು'. ಒಡೆಯಲಿಲ್ಲ ಕಣ್ರಯ್ಯಾ, ಒಡೆಯುವುದು ತಪ್ಪಿತು! ಆದರೆ ಒಡೆಯದೇ ಉಳಿದದ್ದು ಅವರಿಗೆ ಸುದ್ದಿಯಲ್ಲ.

ನನ್ನನ್ನು ಶೆಡ್ಡಿನಿಂದ ತೆಗೆದು ಎರಡನೇ ಮೈದಾನದಲ್ಲಿ ಚೆಂಡು ಹೆಕ್ಕಲು ಹಾಕಿದರು. ಅಲ್ಲಿಗೂ ಶೆಡ್ಡು ಕೇಳಿಸುತ್ತದೆ. ವಾರ ಕಳೆದು ಇನಾಗಾಕಿ ಜೋಳಿಗೆ ಪಟ್ಟಿಯಲ್ಲಿ ಕೈ ತೂಗುಹಾಕಿಕೊಂಡು ಬಂದು, ನನ್ನ ಪಕ್ಕ ನಿಂತ. ಶೆಡ್ಡಿನಲ್ಲಿ ಹೊಸ ಎಡಗೈ ಪಿಚರ್ ಎಸೆಯುತ್ತಿದ್ದ. ಹಿಡಿಯುತ್ತಿದ್ದವನು ನನ್ನ ಜಾಗಕ್ಕೆ ಬಂದವನು. ಛಟೀರ್. ಛಟೀರ್. ಹಿಂದೆಯೇ ಮುನಾಕಾತಾನ ದನಿ: "ಇನ್ನೂ ಐವತ್ತು!"

"ನಿಮ್ಮನ್ನ ನಾನು ಕ್ಷಮಿಸಿಲ್ಲ" ಎಂದ ಇನಾಗಾಕಿ.

"ಬೇಡ."

"ಅದೂ ಸುಳ್ಳು ಸದ್ದೇನಾ?"

ನಾನು ಕಿವಿಗೊಟ್ಟೆ; ವರ್ಷಗಟ್ಟಲೆ ಸುಳ್ಳು ಸದ್ದು ಮಾಡಿದವನಿಗೆ ಇನ್ನೊಬ್ಬನ ಸುಳ್ಳು ದೂರದಿಂದಲೂ ತಿಳಿಯುತ್ತದೆ. "ಹೌದು, ಕಳೆದ ಇಪ್ಪತ್ತು ಚೆಂಡಿನಿಂದ."

ಅವನು ಪಟ್ಟಿಯಿಂದ ಕೈ ಬಿಡಿಸಿಕೊಳ್ಳಲಿಲ್ಲ, ಓಡಲೂ ಇಲ್ಲ. ಮೈದಾನದ ನಡುವೆ ನೇರ ನಡೆದು ಹೋದ, ನೂರಾ ಹದಿನೆಂಟು ಬೆನ್ನ ಮೇಲೆ. ಶೆಡ್ಡಿನ ಬಾಗಿಲು ದೂಡಿದ್ದು ಕಾಣಿಸಿತು. ಮುನಾಕಾತಾ ಅರಚಿದ್ದು ಕೇಳಿಸಿತು. ಆಮೇಲೆ ಇನ್ನೊಂದು ಛಟೀರ್ ಬರಲಿಲ್ಲ.