ಮೆಟ್ಟಿಲಮ್ಮನ ಷರಾ

ನಮ್ಮ ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಹವಾಮಾನದ ಅಪಾಯಕ್ಕೆಂದೇ ಒಂದು ಅಧ್ಯಾಯವಿದೆ. ನೆರೆ ಬಂದರೆ ನಾವು ಸಾಲ ಕೊಟ್ಟ ಮನೆಗಳಲ್ಲಿ ಎಷ್ಟಕ್ಕೆ ನೀರು ನುಗ್ಗುತ್ತದೆ ಎಂದು ಅದರಲ್ಲಿ ಹೇಳಬೇಕು. ಬರೆಯುವವಳು ನಾನು, ಕೆಳಗೆ ಸಹಿಯೂ ನನ್ನದೇ. ಈ ಸಲ ಸಲಹೆಗಾರರ ಕಂಪನಿಯೊಂದು ಉಪಗ್ರಹದ ನಕ್ಷೆ ತಂದುಕೊಟ್ಟಿತು. ಅದರಲ್ಲಿ ಕಾಲುವೆ ಬೀದಿಗೆ ಪೂರ್ತಿ ಹಸಿರು ಬಣ್ಣ. ಹಸಿರೆಂದರೆ ಕ್ಷೇಮ.

ಕ್ಷೇಮವಂತೆ! ಕಳೆದ ಮಳೆಗಾಲದಲ್ಲಿ ಅಲ್ಲಿಯ ದರ್ಜಿಯ ಮನೆಯೊಳಗಿನಿಂದಲೇ ನನ್ನ ಚಪ್ಪಲಿ ತೇಲಿಹೋಗಿತ್ತು.

"ಚಪ್ಪಲಿ ಸಾಕ್ಷಿ ಹೇಳಲ್ಲಮ್ಮ," ಅಂದರು ದೊಡ್ಡ ಮ್ಯಾನೇಜರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ದಾಖಲೆ ಇದ್ರೆ ತನ್ನಿ. ಇಲ್ದಿದ್ರೆ ಶುಕ್ರವಾರ ಸಹಿ ಹಾಕಿ. ಆಗಲ್ಲ ಅಂದ್ರೆ ಕುರ್ಚಿ ಬಿಡಿ, ಹಾಕೋರು ಬೇರೆ ಇದ್ದಾರೆ."

ಮೈಯೆಲ್ಲ ಉರಿಯಿತು. ಹನ್ನೆರಡು ವರ್ಷ ಬೆವರು ಸುರಿಸಿ ಹತ್ತಿದ ಕುರ್ಚಿ ಅದು. ಉಳಿಸಿಕೊಳ್ಳಬೇಕಾದರೆ ಸುಳ್ಳಿಗೆ ಸಹಿ ಹಾಕಬೇಕು.

ಮನೆಗೆ ಬಂದು ಸೋದರತ್ತೆಯ ಮುಂದೆ ಗೋಳು ತೋಡಿಕೊಂಡೆ. ಅತ್ತೆ ಇದೇ ಬ್ಯಾಂಕಿಗಾಗಿ ಮೂವತ್ತು ವರ್ಷ ಮನೆಗಳಿಗೆ ಬೆಲೆ ಕಟ್ಟಿದ ಎಂಜಿನಿಯರು. ಸಾಲ ಕೇಳಿದವರ ಮನೆಗೆ ಹೋಗಿ, ಗೋಡೆ ತಟ್ಟಿ, ಅಳತೆ ಹಿಡಿದು, ಕೊನೆಗೆ ಷರಾ ಕಾಲಮ್ಮಿನಲ್ಲಿ ಯಾರೂ ಕೇಳದ ಒಂದು ಮಾತು ಬರೆಯುತ್ತಿದ್ದಳು: ‘ರಸ್ತೆಯಿಂದ ಮೆಟ್ಟಿಲು ನಾಲ್ಕು.’ ಅದಕ್ಕೇ ಆಫೀಸಿನಲ್ಲಿ ಅವಳಿಗೆ ಮೆಟ್ಟಿಲಮ್ಮ ಎಂದು ಹೆಸರು ಬಿತ್ತು. ನಾನು ಕೆಲಸಕ್ಕೆ ಸೇರಿದ ದಿನ ಯಾರೋ "ಮೆಟ್ಟಿಲಮ್ಮನ ಸೊಸೆನಾ?" ಎಂದು ಕೇಳಿ ನಕ್ಕಾಗ, ಅಲ್ಲ ಎಂದುಬಿಟ್ಟಿದ್ದೆ. ಆ ನಾಚಿಕೆ ಈಗಲೂ ಚುಚ್ಚುತ್ತದೆ.

ಅತ್ತೆ ಅಂಗಿಗೆ ಗುಂಡಿ ಹೊಲಿಯುತ್ತಲೇ ಕೇಳಿದಳು: "ನಿನ್ನ ಉಪಗ್ರಹಕ್ಕೆ ಬೀದಿ ಎಷ್ಟು ಎತ್ತರ ಅಂತ ಗೊತ್ತು. ಮನೆ ಬಾಗಿಲು ಎಷ್ಟು ತಗ್ಗಲ್ಲಿದೆ ಅಂತ ಗೊತ್ತೇನೇ? ಹೋಗಿ ನನ್ನ ಹಳೇ ಫೈಲು ತೆಗಿ. ಒಂದೇ ಮನೆಗೆ ಎರಡು ಮೂರು ಸಲ ಸಾಲ ಕೊಟ್ಟಿರ್ತಾರೆ. ಅವನ್ನ ಪಕ್ಕಪಕ್ಕ ಇಟ್ಟು ನೋಡು."

ಎರಡು ದಿನ ದಾಖಲೆ ಕೋಣೆಯ ಧೂಳಿನಲ್ಲಿ ಸೀನಿದೆ. ದರ್ಜಿಯ ಮನೆಗೆ ಮೊದಲ ಸಲ ಮೆಟ್ಟಿಲು ನಾಲ್ಕು. ಹತ್ತು ವರ್ಷದ ಮೇಲೆ ಮೂರು. ಕೊನೆಯ ಸಲ ಒಂದು. ಮನೆ ಕುಸಿದಿರಲಿಲ್ಲ. ಡಾಂಬರಿನ ಮೇಲೆ ಡಾಂಬರು ಸುರಿದು ಬೀದಿಯೇ ಬೆಳೆದಿತ್ತು. ಒಟ್ಟು ನೂರಾ ಹನ್ನೊಂದು ಮನೆಗಳದ್ದು ಇದೇ ಕತೆ. ಹಿತ್ತಲ ಗಿಡ ಮದ್ದಲ್ಲ ಎಂದು ಇಷ್ಟು ವರ್ಷ ಅಸಡ್ಡೆ ಮಾಡಿದ್ದೆವು!

ಶುಕ್ರವಾರ ಅತ್ತೆಯನ್ನು ಕರೆದುಕೊಂಡೇ ಸಭೆಗೆ ಹೋದೆ. ಬ್ಯಾಂಕಿನ ಅಧ್ಯಕ್ಷರೂ ನಕ್ಷೆ ತಂದ ಕಂಪನಿಯ ಸಲಹೆಗಾರನೂ ಅಲ್ಲಿದ್ದರು. ಫೈಲುಗಳನ್ನು ಮೇಜಿನ ಮೇಲೆ ಹರಡಿದಾಗ ಮ್ಯಾನೇಜರು ಮುಖ ಸಿಂಡರಿಸಿದರು. "ಮೆಟ್ಟಿಲು ಎಣಿಸೋದೂ ಒಂದು ವಿಜ್ಞಾನನಾ?"

"ಸಾರ್, ನಮ್ಮ ಬ್ಯಾಂಕಿಗೆ ಎಷ್ಟು ಮೆಟ್ಟಿಲು?" ಎಂದಳು ಅತ್ತೆ.

ದಿನಾ ಹತ್ತುವವರಲ್ಲೇ ಒಬ್ಬರು ಮೂರೆಂದರು, ಇನ್ನೊಬ್ಬರು ನಾಲ್ಕೆಂದರು.

"ನಾನು ಮೊದಲು ಬಂದಾಗ ಐದಿತ್ತು. ಇವತ್ತು ಹತ್ತಿದ್ದು ಎರಡು."

ಅಧ್ಯಕ್ಷರು ಎದ್ದುನಿಂತರು. "ನಡೀರಿ, ಪ್ರಮಾಣಿಸಿ ನೋಡೇಬಿಡೋಣ."

ಇಡೀ ಸಭೆಯೇ ಕೆಳಗಿಳಿಯಿತು. ಅಧ್ಯಕ್ಷರು ಬೆರಳು ಮಡಚಿ ಎಣಿಸಿದರು. ಒಂದು, ಎರಡು. ಆಮೇಲೆ ಕಾಲಿಗೆ ಸಿಕ್ಕಿದ್ದು ಡಾಂಬರು. ಗೋಡೆಯ ಮೇಲಿದ್ದ ಹಳೆಯ ಉದ್ಘಾಟನೆಯ ಫೋಟೋವನ್ನು ಕಾವಲುಗಾರ ಒಳಗಿಂದ ಇಳಿಸಿ ತಂದ. ಅದರಲ್ಲಿ ಐದು ಮೆಟ್ಟಿಲು ಸ್ಪಷ್ಟವಾಗಿದ್ದವು. ಸಲಹೆಗಾರ ತನ್ನ ನಕ್ಷೆಯನ್ನು ಸದ್ದಿಲ್ಲದೆ ಮಡಚಿಕೊಂಡ.

"ಕಾಲುವೆ ಬೀದಿ ಕೆಂಪು ಅಂತಲೇ ಅಚ್ಚಾಗಲಿ," ಅಂದರು ಅಧ್ಯಕ್ಷರು. "ಇನ್ನು ಮೇಲೆ ಪ್ರತಿ ಮನೆ ಅರ್ಜಿಯಲ್ಲೂ ಮೆಟ್ಟಿಲಿನ ಕಾಲಮ್ಮು ಇರಬೇಕು."

"ಕೆಂಪು ಅಂತ ಸಾಲ ನಿಲ್ಲಿಸ್ಬೇಡಿ," ಅತ್ತೆ ಬಿಡಲಿಲ್ಲ. "ನೆಲ ಎತ್ತರಿಸೋಕೆ ಕೊಡಿ."

"ಅದನ್ನೂ ಬರೀರಿ," ಎಂದರು ಅಧ್ಯಕ್ಷರು ನನ್ನ ಕಡೆ ತಿರುಗಿ.

ಅಲ್ಲೇ, ಎರಡನೆಯ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ವರದಿ ಇಟ್ಟುಕೊಂಡು ತಿದ್ದಿ ಸಹಿ ಹಾಕಿದೆ. ಎದೆ ಉಬ್ಬಿ ಬಂದಿತ್ತು. ಸಲಹೆಗಾರ ಮೆಲ್ಲಗೆ ಕೇಳಿದ: "ಮೇಡಂ, ಅವರು ನಿಮಗೆ ಏನಾಗ್ಬೇಕು?"

"ನಾನು ಮೆಟ್ಟಿಲಮ್ಮನ ಸೊಸೆ," ಎಂದೆ, ಇಡೀ ಬೀದಿಗೆ ಕೇಳುವಂತೆ.