ಟಬ್ಬಿನ ನಲ್ಲಿ

ಸ್ನಾನದ ಟಬ್ಬಿನ ನಲ್ಲಿ ಮತ್ತೆ ಅಲ್ಲಾಡುತ್ತಿತ್ತು. ಹೋದ ವಾರವಷ್ಟೇ ಹೊಸದು ತಂದು, ಪೈಪಿಗೆ ಬಿಳಿ ಟೇಪು ಸುತ್ತಿ, ಬಿಗಿಯಾಗಿ ತಿರುಗಿಸಿ ಕೂರಿಸಿದ್ದೆ. ಸ್ಪ್ಯಾನರ್ ಹಿಡಿದುಕೊಂಡೇ ಮಗಳನ್ನು ಕರೆದೆ.

“ಎಷ್ಟು ಸಲ ಹೇಳ್ಬೇಕೇ, ಇದರ ಮೇಲೆ ಕೂತ್ಕೋಬೇಡ ಅಂತ? ಇದೇನು ಕುದುರೆನಾ?”

“ನಾನಲ್ಲಮ್ಮ, ತಾತ,” ಎಂದಳು ಅಳುಮೋರೆ ಮಾಡಿ. “ಟಬ್ಬಿಂದ ಏಳೋಕೆ ಅದನ್ನೇ ಹಿಡ್ಕೋತಾರೆ. ಅಮ್ಮಂಗೆ ಹೇಳ್ಬೇಡ ಅಂದಿದ್ರು.”

ನಲ್ಲಿ ಇರುವುದು ನೀರು ಬಿಡುವುದಕ್ಕೆ, ಆಳಿನ ಭಾರ ಹೊರುವುದಕ್ಕಲ್ಲ. ಕಿತ್ತು ಬಂದರೆ ಅಪ್ಪ ಬೀಳುವುದು ಟಬ್ಬಿನ ಆ ಗಟ್ಟಿ ಅಂಚಿನ ಮೇಲೆ.

ಅಷ್ಟರಲ್ಲಿ ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲಿಗೆ ಬಂದರು.

“ಗೋಡೆಗೊಂದು ಹಿಡಿಕೆ ಹಾಕಿಸ್ತೀನಪ್ಪ.”

“ಯಾಕೆ, ಇದೇನು ಆಸ್ಪತ್ರೆನಾ?”

“ಹಂಗಾದ್ರೆ ಏಳೋವಾಗ ನನ್ನ ಕೂಗಿ.”

“ನಿನ್ನನ್ನ ಕಾಲ್ಮೇಲೆ ಹಾಕ್ಕೊಂಡು ಸ್ನಾನ ಮಾಡಿಸಿದೋನು ನಾನು. ಸುಮ್ನೆ ಅದನ್ನ ಬಿಗಿ ಮಾಡ್ಕೊಡಮ್ಮ, ಜಾಣೆ.”

ಏನು ಮಾಡಲಿ? ಸಡಿಲ ಬಿಟ್ಟರೆ ಇವತ್ತೇ ಬೀಳುತ್ತಾರೆ. ಬಿಗಿ ಮಾಡಿದರೆ ಇನ್ನಷ್ಟು ಧೈರ್ಯವಾಗಿ ಜೋತುಬೀಳುತ್ತಾರೆ. ಕೈಲಾದಷ್ಟು ಬಿಗಿ ಮಾಡಿ ಹೊರಗೆ ಬಂದೆ.

“ಚಿಲಕನಾದ್ರೂ ಹಾಕ್ಕೋಬೇಡಿ,” ಎಂದೆ. ಚಿಲಕ ಬಿದ್ದ ಸದ್ದೇ ಉತ್ತರವಾಯಿತು.

ಮಗಳೂ ನಾನೂ ಬಾಗಿಲ ಹೊರಗೆ ನಿಂತೆವು. ತುಂಬಾ ಹೊತ್ತಿನ ಮೇಲೆ ನೀರು ಕಲಕಿದ ಸದ್ದಾಯಿತು. ಆಮೇಲೆ ನಲ್ಲಿ ಕಿರ್ ಎಂದಿತು.

“ತಾತ ಎದ್ರಾ?” ಎಂದು ಮಗಳು ಪಿಸುಗುಟ್ಟಿದಳು.

ನಾನು ಸ್ಪ್ಯಾನರನ್ನು ಎದೆಗವಚಿಕೊಂಡು, ಚಿಲಕ ತೆಗೆಯುವ ಸದ್ದಿಗಾಗಿ ಬಾಗಿಲಿಗೆ ಕಿವಿಯಿಟ್ಟೆ.