ಮೇ ತಿಂಗಳ ದರ

ಹೆಂಡತಿ ತೀರಿಕೊಂಡ ಮೇಲೆ ಬಾಲರಾಜನಿಗೆ ಯಾವುದೂ ನಾಟುತ್ತಿರಲಿಲ್ಲ. ಉಂಡರೆ ಉಂಡ, ಇಲ್ಲದಿದ್ದರೆ ಇಲ್ಲ. ಆದೋನಿಯ ಹತ್ತಿ ಮಾರುಕಟ್ಟೆಯ ಯಾರ್ಡಿನಲ್ಲಿ ದಿನದ ದರವನ್ನು ಕಂಪ್ಯೂಟರಿಗೆ ಹೊಡೆಯುವುದು ಅವನ ಕೆಲಸ. ಅದಕ್ಕೆ ಮನಸ್ಸು ಬೇಕಿರಲಿಲ್ಲ, ಬೆರಳು ಸಾಕಿತ್ತು. ಹೊತ್ತು ಹೋಗದಾಗ ಹಳೆಯ ವರ್ಷಗಳ ದರವನ್ನೆಲ್ಲ ತೆಗೆದು ಪರದೆಯ ಮೇಲೆ ಗೆರೆ ಎಳೆಯುತ್ತ ಕೂರುತ್ತಿದ್ದ. ವರ್ಷ ಯಾವುದೇ ಇರಲಿ, ಮೇ ತಿಂಗಳಲ್ಲಿ ಗೆರೆ ಮೇಲಕ್ಕೆ ಹತ್ತುತ್ತಿತ್ತು.

ಕೋಸಗಿಯಲ್ಲಿದ್ದ ತಂಗಿ ಅಮೂಲ್ಯ ಸುಗ್ಗಿಯಲ್ಲಿ ಬಂದು, ಹತ್ತಿ ಈಗಲೇ ಮಾರಲೋ ತಡೆಯಲೋ ಎಂದು ಕೇಳಿದಳು. ಒಳ್ಳೆಯ ದರ ಸಿಕ್ಕರೆ ನಾಲ್ಕು ಕುರಿ ಮಾಡಿಕೊಂಡು ಊರಲ್ಲೇ ನಿಲ್ಲುವ ಆಸೆ ಅವಳದು. ವರ್ಷಾ ವರ್ಷಾ ಗಂಡ ಎರ್ರಿಸ್ವಾಮಿಯ ಜೊತೆ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗಿ ಹೋಗಿ ಸಾಕಾಗಿತ್ತು. ಮೇವರೆಗೆ ಇಟ್ಟುಕೋ ಎಂದ ಬಾಲರಾಜ. ಸರ್ಕಾರಿ ನೌಕರಿಯ ಅಣ್ಣ ಹೇಳಿದ ಮೇಲೆ ಮುಗಿಯಿತು. ಅವಳು ಗುಂಟೂರಿಗೆ ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿಯ ಮುಂಗಡ ಬೇಡವೆಂದಳು, ಮಲಗುವ ಕೋಣೆಯ ತುಂಬ ಹತ್ತಿ ಒಟ್ಟಿದಳು. ಮನೆಮಂದಿಯೆಲ್ಲ ಅಂಗಳದಲ್ಲಿ ಮಲಗಿ ಮೈ ಕೆರೆದುಕೊಂಡರು. ಹತ್ತಿಯ ಜೊತೆ ಸಂಸಾರ ಮಾಡಿದವರಿಗೇ ಗೊತ್ತು ಆ ತುರಿಕೆ.

ಮೇ ಬಂತು. ಗೆರೆ ಹೇಳಿದ ಹಾಗೆಯೇ ದರ ಏರಿತು. ಅಮೂಲ್ಯ ಟ್ರಾಕ್ಟರಿನಲ್ಲಿ ಹತ್ತಿ ತಂದಳು. ವ್ಯಾಪಾರಿಗಳು ಒಬ್ಬೊಬ್ಬರೇ ಬಂದು, ಒಂದು ಹಿಡಿ ಎಳೆದು, ಬಣ್ಣ ನೋಡಿ, ಅಲ್ಲೇ ಉದುರಿಸಿ ಮುಂದೆ ನಡೆದರು. ಮನೆಯಲ್ಲಿಟ್ಟ ಹತ್ತಿ ಹಳದಿಗೆ ತಿರುಗಿತ್ತು, ಹುಳ ಬಿದ್ದಿತ್ತು. ಅಂದು ಮಾರಾಟವಾದದ್ದು ಎರಡೋ ಮೂರೋ ರಾಶಿ, ಗೋದಾಮಿನಲ್ಲಿ ಜೋಪಾನ ಮಾಡಿದ್ದ ದೊಡ್ಡವರವು. ಏರಿದ ದರವೂ ಅವುಗಳದ್ದೇ.

ಬಾಲರಾಜ ನೋಡುತ್ತ ನಿಂತ. ತಂಗಿಯ ನಷ್ಟವೂ ಅವನಿಗೆ ನಾಟಲಿಲ್ಲ. ಮರಗಟ್ಟಿದ ಕಾಲನ್ನು ಚಿವುಟಿದರೆ ಗೊತ್ತಾಗುತ್ತದೆಯೇ, ಹಾಗೆ.

ತಂಗಿಯೇ ಸಮಾಧಾನ ಹೇಳಿದಳು. “ನಿಂದೇನು ತಪ್ಪಿಲ್ಲಣ್ಣ. ರೇಟು ನೀ ಹೇಳಿದಂಗ ಏರೈತಿ. ನಮ್ಮ ಹತ್ತೀನ ಕೆಟ್ಟೈತಿ.”

“ಹಂಗಲ್ಲವ್ವ,” ಎಂದ ಬಾಲರಾಜ. ಅವನಿಗೂ ಅದು ಈಗಷ್ಟೇ ಹೊಳೆದಿತ್ತು. “ಮಾರಿದ ಹತ್ತೀದಷ್ಟ ರೇಟು ಬರಕೋತೀವಿ. ಮಾರದ್ದು ನಮ್ಮ ಲೆಕ್ಕಕ್ಕ ಬರಂಗಿಲ್ಲ.”

ಅಮೂಲ್ಯ ಗೇಟಿನ ಕಡೆ ತಿರುಗಿ ನೋಡಿದಳು. “ಅಂದ್ರ ವರ್ಷಾ ಮೇದಾಗ ನಮ್ಮಂಥೋರು ಬಂದು ಹೊಳ್ಳಿ ಹೋಗ್ಯಾರ. ನೀ ಇಲ್ಲೇ ಕುಂತಿರತಿದ್ದೆಲ್ಲ, ನೋಡಿಲ್ಲೇನು?”

ನೋಡಿದ್ದ. ಅವನ ಕಿಟಕಿಯ ಎದುರಿಗೇ ಗೇಟು. ಬೇಸಿಗೆ ಬೇಸಿಗೆಗೂ ಗಾಡಿಗಳು ತುಂಬಿದ ಹಾಗೇ ವಾಪಸು ಹೋಗುವುದನ್ನು ಚಹಾ ಕುಡಿಯುತ್ತ ನೋಡಿದ್ದ.

“ನೋಡೀನಿ,” ಎಂದ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಸೆರಗು ಕೊಡವಿ ಟ್ರಾಕ್ಟರ್ ಹತ್ತಿದಳು. ಅಣ್ಣನಿಗೆ ಹೇಳದೆ ಎಂದೂ ಊರು ಬಿಟ್ಟವಳಲ್ಲ. ಈ ಸಲ ಅವಳು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದದ್ದು ಬಾಲರಾಜನಿಗೆ ಬೇರೆಯವರಿಂದ ತಿಳಿಯಿತು.